ಗಾಡಿಯೂ ಬೆವರುತ್ತದೆ: ಮಲೆನಾಡಿನ ಮಾಗಿ ಚಳಿಯಲ್ಲಿ ಮೋಟರ್‌ಹೋಮ್

ಬೆಳಗಿನ ಜಾವ ನಾಲ್ಕೂವರೆಯ ಹೊತ್ತಿಗೆ ಹಣೆಯ ಮೇಲೆ ತಣ್ಣನೆಯ ಒಂದು ಹನಿ ಬಿತ್ತು. ಚಾವಣಿ ಸೋರುತ್ತಿದೆ ಎಂದುಕೊಂಡು ಎದ್ದು ಕೂತೆ. ಡಿಸೆಂಬರ್ ತಿಂಗಳು, ಮೂಡಿಗೆರೆ ಕಡೆಯ ಒಂದು ಕಾಫಿ ತೋಟ, ಹೊರಗೆ ಆಕಾಶದ ತುಂಬಾ ಚುಕ್ಕಿ. ಮಳೆಯ ಮಾತೇ ಇಲ್ಲ. ಟಾರ್ಚ್ ಹಾಕಿ ನೋಡಿದರೆ ಚಾವಣಿಯ ಒಂದೊಂದು ಸ್ಕ್ರೂ ತಲೆಯಲ್ಲೂ ಒಂದೊಂದು ಹನಿ ಜೋತುಕೊಂಡಿತ್ತು. ಮುಂದಿನ ಗಾಜಿನಿಂದ ನೀರು ಗೆರೆಗೆರೆಯಾಗಿ ಇಳಿದು ಡ್ಯಾಶ್‌ಬೋರ್ಡಿನ ಮೇಲೆ ಸಣ್ಣ ಕೆರೆ ಕಟ್ಟಿತ್ತು. ಹಾಸಿಗೆ ಮಗುಚಿದರೆ ಅಡಿಯೆಲ್ಲ ಒದ್ದೆ. ಹಿಂದಿನ ರಾತ್ರಿ ಚಳಿ ಬರಬಾರದೆಂದು ಕಿಟಕಿ, ಬಾಗಿಲ ಸಂದು, ಚಾವಣಿಯ ಗಾಳಿಕಿಂಡಿ ಎಲ್ಲಕ್ಕೂ ಬಟ್ಟೆ ತುರುಕಿದವನು ನಾನೇ.

ಬೆಳಿಗ್ಗೆ ಹಾಸಿಗೆಯನ್ನು ಬಿಸಿಲಿಗೆ ಹಾಕುತ್ತಿದ್ದಾಗ, ಕಣದಲ್ಲಿ ಕಾಫಿ ಹರಡಲು ಬಂದ ಮೇಸ್ತ್ರಿ ಗಾಡಿಯೊಳಗೊಮ್ಮೆ ಇಣುಕಿ ನಕ್ಕರು. "ಏನ್ ಸಾರ್, ಇಷ್ಟೆಲ್ಲ ಮುಚ್ಕೊಂಡು ಮಲಗಿದ್ರಾ? ಹಸಿ ಆರದ ಕಾಫಿ ಮೇಲೆ ಟಾರ್ಪಲ್ ಬಿಗಿಯಾಗಿ ಹೊದಿಸಿದ್ರೆ ಅದೂ ಹಿಂಗೇ ಬೆವರ್ತದೆ."

ಮೋಟರ್‌ಹೋಮ್ ಬಗ್ಗೆ ನಾನು ಓದಿದ್ದ ಅಷ್ಟೂ ಉಪದೇಶಕ್ಕಿಂತ ಈ ಒಂದು ಮಾತು ಹೆಚ್ಚು ಕೆಲಸಕ್ಕೆ ಬಂತು. ಯುರೋಪಿನವರು ಬರೆಯುವುದೆಲ್ಲ ಹಿಮದ ಮಾತು: ನೀರಿನ ಟ್ಯಾಂಕು ಹೆಪ್ಪುಗಟ್ಟದಂತೆ ಏನು ಮಾಡಬೇಕು, ಡೀಸೆಲ್ ಗಟ್ಟಿಯಾದರೆ ಏನು ಗತಿ, ಟಯರಿಗೆ ಸರಪಳಿ ಸುತ್ತುವುದು ಹೇಗೆ. ಹಾಸನ-ಚಿಕ್ಕಮಗಳೂರಿನಲ್ಲಿ ಇದ್ಯಾವುದೂ ಬೇಡ. ಜನವರಿಯ ಬೆಳಗಿನ ಜಾವದಲ್ಲೂ ಚಿಕ್ಕಮಗಳೂರು ಪೇಟೆಯಲ್ಲಿ 14-15 ಡಿಗ್ರಿ ಇರುತ್ತದೆ, ಬೆಟ್ಟದ ಕಡೆ 10ರ ಆಸುಪಾಸು. ಎರಡು ಕಂಬಳಿ ಹೊದ್ದರೆ ಮುಗಿಯುವ ಚಳಿ. ನಮ್ಮಲ್ಲಿ ಕಾಟ ಕೊಡುವುದು ತೇವ. ಚಳಿಗೆ ಹೆದರಿ ನಾವು ಮಾಡುವ ಕೆಲಸಗಳೇ ಈ ತೇವವನ್ನು ಹೆಚ್ಚಿಸುತ್ತವೆ, ಕೆಲವೊಮ್ಮೆ ಜೀವಕ್ಕೂ ಎರವಾಗುತ್ತವೆ.

ಅಂದಹಾಗೆ ಮೋಟರ್‌ಹೋಮ್ ಅಂದರೆ ಹಾಸಿಗೆ, ಒಲೆ, ಶೌಚದ ವ್ಯವಸ್ಥೆ ಇರುವ, ತನ್ನದೇ ಎಂಜಿನ್ ಇರುವ ಗಾಡಿ. ಕ್ಯಾರವಾನ್ ಎಂದರೆ ಸರಿಯಾದ ಅರ್ಥದಲ್ಲಿ ಕಾರಿನ ಹಿಂದೆ ಎಳೆದುಕೊಂಡು ಹೋಗುವಂಥದ್ದು. ನಮ್ಮ ಕಡೆ ಎರಡಕ್ಕೂ ಕ್ಯಾರವಾನ್ ಅಂತಲೇ ಹೇಳುತ್ತಾರೆ, ಬಹುತೇಕ ಗಾಡಿಗಳು ಟೆಂಪೊ ಟ್ರಾವೆಲರ್ ಮೇಲೆ ಕಟ್ಟಿದಂಥವು.

ಹಾಗಾದರೆ ಆ ನೀರು ಬಂದದ್ದೆಲ್ಲಿಂದ? ಮೊದಲನೆಯ ಪಾಲು ನಮ್ಮ ಮೈಯಿಂದಲೇ. ಇಬ್ಬರು ಎಂಟು ಗಂಟೆ ಮಲಗಿದರೆ ಉಸಿರಿನಿಂದಲೂ ಚರ್ಮದಿಂದಲೂ ಸುಮಾರು ಅರ್ಧ ಲೀಟರ್ ನೀರು ಆವಿಯಾಗಿ ಹೊರಬೀಳುತ್ತದೆ. ಮನೆಯಲ್ಲಿ ಇದು ಗೊತ್ತೇ ಆಗುವುದಿಲ್ಲ, ಕೋಣೆ ದೊಡ್ಡದು, ಹೆಂಚಿನ ಸಂದಿನಲ್ಲಿ ಗಾಳಿ ಆಡುತ್ತದೆ. ಗಾಡಿಯೊಳಗೆ ಇರುವುದು ಹೆಚ್ಚೆಂದರೆ 13 ಘನ ಮೀಟರ್ ಗಾಳಿ. 20 ಡಿಗ್ರಿ ಬಿಸಿಯಿರುವ ಒಂದು ಘನ ಮೀಟರ್ ಗಾಳಿ ಸುಮಾರು 17 ಗ್ರಾಂ ನೀರಾವಿಯನ್ನು ಹೊರಬಲ್ಲದು, 10 ಡಿಗ್ರಿಗೆ ತಣಿದರೆ 9 ಗ್ರಾಂ ಚಿಲ್ಲರೆ ಅಷ್ಟೇ. ಲೆಕ್ಕ ಹಾಕಿ: ಸಂಜೆ ಬೆಚ್ಚಗಿದ್ದಾಗಲೂ ಗಾಡಿಯ ಗಾಳಿಯೆಲ್ಲ ಸೇರಿ ಕಾಲು ಲೀಟರ್ ನೀರನ್ನು ಹಿಡಿದಿಟ್ಟುಕೊಳ್ಳಲಾರದು. ನಾವು ಅರ್ಧ ಲೀಟರ್ ಸುರಿಯುತ್ತಿದ್ದೇವೆ. ಉಳಿದದ್ದು ಎಲ್ಲಿ ತಣ್ಣಗಿದೆಯೋ ಅಲ್ಲಿ ಹೋಗಿ ಕೂರುತ್ತದೆ: ಗಾಜು, ಸ್ಕ್ರೂ ತಲೆ, ಕಬ್ಬಿಣದ ಪಟ್ಟಿ, ಹಾಸಿಗೆಯ ಅಡಿ.

ಎರಡನೆಯದು ಒಲೆ. ಇದು ಹೆಚ್ಚಿನವರಿಗೆ ಹೊಳೆಯುವುದಿಲ್ಲ. ಅಡುಗೆ ಅನಿಲ ಉರಿದಾಗ ನೀರು ಹುಟ್ಟುತ್ತದೆ. ಪಾತ್ರೆಯಿಂದ ಬರುವ ಹಬೆ ಬೇರೆ, ಇದು ಉರಿಯಿಂದಲೇ ಬರುವ ನೀರು. ಅನಿಲದಲ್ಲಿರುವ ಹೈಡ್ರೋಜನ್ ಗಾಳಿಯ ಆಮ್ಲಜನಕದ ಜೊತೆ ಸೇರಿ ನೀರಾಗುತ್ತದೆ. ಒಂದು ಕೆ.ಜಿ. ಗ್ಯಾಸ್ ಉರಿದರೆ ಒಂದೂವರೆ ಕೆ.ಜಿ.ಗೂ ಮಿಕ್ಕಿ ನೀರು! ಅನ್ನ, ಸಾರು, ಮೇಲೊಂದು ಕಾಫಿ ಮಾಡಿ 100 ಗ್ರಾಂ ಗ್ಯಾಸ್ ಸುಟ್ಟಿರೆಂದರೆ ದೊಡ್ಡ ಲೋಟದಷ್ಟು ನೀರನ್ನು ಗಾಡಿಯ ಗಾಳಿಗೆ ಸೇರಿಸಿದ್ದೀರಿ. "ಚಳಿ, ಸ್ವಲ್ಪ ಹೊತ್ತು ಒಲೆ ಉರೀಲಿ ಬಿಡಿ, ಬೆಚ್ಚಗಾಗ್ತದೆ" ಎಂದು ನನ್ನ ಹೆಂಡತಿ ಆ ರಾತ್ರಿ ಅಂದಾಗ ನಾನೂ ಹೂಂ ಅಂದಿದ್ದೆ. ಒಲೆ ಬೆಚ್ಚಗೆ ಮಾಡಿದ್ದೇನೋ ನಿಜ.

ಮೂರನೆಯದು ಆಕಾಶ. ಮೋಡವಿಲ್ಲದ ಮಾಗಿಯ ರಾತ್ರಿಯಲ್ಲಿ ಗಾಡಿಯ ಲೋಹದ ಚಾವಣಿ ತನ್ನ ಶಾಖವನ್ನು ನೇರವಾಗಿ ಆಕಾಶಕ್ಕೆ ಬಿಟ್ಟುಕೊಟ್ಟು ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುತ್ತದೆ. ಹುಲ್ಲಿನ ಮೇಲೆ, ಅವರೆ ಗಿಡದ ಮೇಲೆ ಇಬ್ಬನಿ ಕೂರುವುದೂ ಹೀಗೆಯೇ. ಇಬ್ಬನಿ ಬಿದ್ದಷ್ಟೂ ಅವರೆಕಾಯಿಗೆ ಸೊಗಡು ಎಂದು ಹಾಸನದ ಸಂತೆಯಲ್ಲಿ ಚೌಕಾಸಿ ನಡೆಯುತ್ತದಲ್ಲ, ಅದೇ ಇಬ್ಬನಿ ಚಾವಣಿಯ ಹೊರಮೈಗೂ ಬೀಳುತ್ತದೆ. ನಾವು ಉಸಿರು ಬಿಟ್ಟುಬಿಟ್ಟು ಒಳಮೈಗೂ ಬೀಳಿಸುತ್ತೇವೆ.

ಮದ್ದು ಒಂದೇ: ಗಾಳಿ ಆಡಬೇಕು. ಕೆಳಗೊಂದು ಕಿಂಡಿ, ಮೇಲೊಂದು ಕಿಂಡಿ. ಬೆಚ್ಚಗಿನ ತೇವದ ಗಾಳಿ ಮೇಲಿನಿಂದ ಹೋಗುತ್ತದೆ, ತಣ್ಣಗಿನದು ಕೆಳಗಿನಿಂದ ಬರುತ್ತದೆ. ಎರಡು ಬೆರಳಗಲ ತೆರೆದಿದ್ದರೆ ಸಾಕು.

ಇಲ್ಲೊಂದು ಪ್ರಶ್ನೆ ಬಂದೇ ಬರುತ್ತದೆ. ಹೊರಗೆ ಮಂಜು ಕವಿದಿದೆ, ನೂರಕ್ಕೆ ನೂರು ತೇವ. ಕಿಟಕಿ ತೆಗೆದರೆ ಆ ತೇವವೆಲ್ಲ ಒಳಗೆ ಬರುವುದಿಲ್ಲವೇ? ನನಗೂ ಹಾಗೇ ಅನ್ನಿಸಿತ್ತು. ಆದರೆ ಹೊರಗಿನ 10 ಡಿಗ್ರಿಯ ಗಾಳಿ ಎಷ್ಟೇ ತೇವ ಕುಡಿದಿದ್ದರೂ ಅದರಲ್ಲಿರುವುದು ಘನ ಮೀಟರಿಗೆ 9 ಗ್ರಾಂ ಚಿಲ್ಲರೆ. ಅದು ಒಳಬಂದು ನಮ್ಮ ಮೈಶಾಖಕ್ಕೆ 18 ಡಿಗ್ರಿಗೆ ಏರಿದರೆ 15 ಗ್ರಾಂ ಹೊರುವ ಶಕ್ತಿ ಬರುತ್ತದೆ. ಹೊರಗೆ ನೂರರಷ್ಟಿದ್ದ ತೇವ ಒಳಗೆ ಅರವತ್ತರ ಹತ್ತಿರಕ್ಕೆ ಇಳಿಯಿತು. ಅಂದರೆ ಮಂಜಿನ ರಾತ್ರಿಯ ಗಾಳಿಯೂ ಗಾಡಿಯ ಒಳಗಿನದಕ್ಕೆ ಹೋಲಿಸಿದರೆ ಒಣಗಾಳಿಯೇ. ಮಂಜಿನ ಹನಿಗಳೇ ನೇರವಾಗಿ ನುಗ್ಗದಂತೆ ಸೊಳ್ಳೆ ಪರದೆಯ ಬಟ್ಟೆ ಎರಡು ಪದರ ಕಟ್ಟಿದರಾಯಿತು.

ಜೊತೆಗೆ ಎರಡು ಸಣ್ಣ ಕೆಲಸ. ಗಾಡಿಯಲ್ಲಿ ಎಲ್ಲಕ್ಕಿಂತ ಬೇಗ ತಣಿಯುವುದು ಮುಂದಿನ ದೊಡ್ಡ ಗಾಜು, ಅದಕ್ಕೆ ದಪ್ಪ ಕಂಬಳಿಯನ್ನೋ ಬೆಳ್ಳಿ ಹಾಳೆಯ ಫೋಮ್ ಶೀಟನ್ನೋ ಒತ್ತಿ ಕಟ್ಟಬೇಕು. ಹಾಸಿಗೆಯನ್ನು ಪ್ಲೈವುಡ್ ಮೇಲೆ ನೇರ ಹಾಸದೆ, ಅಡಿಯಲ್ಲಿ ಗಾಳಿ ಓಡುವಂತೆ ಪಟ್ಟಿ ಹೊಡೆದ ಹಲಗೆಯ ಮೇಲೆ ಹಾಸಬೇಕು. ಬಾಡಿಗೆ ಗಾಡಿ ನೋಡಲು ಹೋದವರು ಹಾಸಿಗೆ ಎತ್ತಿ ಅಡಿಯನ್ನು ಮೂಸಿ ನೋಡಿ. ಕಮಟು ವಾಸನೆ ಇದ್ದರೆ ಆ ಗಾಡಿ ಹಿಂದಿನ ಮಾಗಿಯಲ್ಲೂ ಬೆವರಿದೆ.

ಇನ್ನು ಮುಖ್ಯವಾದ ಮಾತು. ಗಾಡಿಯೊಳಗೆ ಕೆಂಡ ತರಬೇಡಿ. ತೋಟದಲ್ಲಿ ಸಂಜೆ ಬೆಂಕಿ ಹಾಕಿಕೊಂಡು ಕೂರುವುದು ಸುಖ, ಎದ್ದು ಬರುವಾಗ ನಾಲ್ಕು ಕೆಂಡವನ್ನು ಬಾಣಲೆಯಲ್ಲಿ ಹಾಕಿಕೊಂಡು ಬಂದು ಬಾಗಿಲು ಹಾಕಿಕೊಳ್ಳುವ ಆಸೆ ಯಾರಿಗೂ ಬರುತ್ತದೆ. ಹೊಗೆ ಇಲ್ಲ, ಜ್ವಾಲೆ ಇಲ್ಲ, ಏನಾಗುತ್ತದೆ ಎನಿಸುತ್ತದೆ. ಇದ್ದಿಲು ಅರೆಬರೆ ಉರಿಯುವಾಗ ಕಾರ್ಬನ್ ಮೊನಾಕ್ಸೈಡ್ ಎಂಬ ಅನಿಲ ಹೊರಬರುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ, ಕೆಮ್ಮು ಕೂಡ ಬರುವುದಿಲ್ಲ. ರಕ್ತದಲ್ಲಿ ಆಮ್ಲಜನಕ ಹೊರುವ ಹಿಮೋಗ್ಲೋಬಿನ್‌ಗೆ ಇದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟು ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ತಲೆನೋವು, ಓಕರಿಕೆ, ಮಂಪರು. ಮಲಗಿದವರಿಗೆ ಇವೂ ಗೊತ್ತಾಗುವುದಿಲ್ಲ. ಎಂಜಿನ್ ಚಾಲೂ ಇಟ್ಟು ಹೀಟರ್ ಹಾಕಿಕೊಂಡು ಮಲಗುವುದೂ, ಗ್ಯಾಸ್ ಗೀಸರನ್ನು ಒಳಗೆ ಕೂರಿಸುವುದೂ ಇದೇ ಸಾಲಿಗೆ ಸೇರಿದವು. ಕಾರ್ಬನ್ ಮೊನಾಕ್ಸೈಡ್ ಬಂದರೆ ಕೂಗುವ ಪುಟ್ಟ ಅಲಾರಂ ಸಿಗುತ್ತದೆ, ಹಾಸಿಗೆಯ ಹತ್ತಿರ ಅದೊಂದು ಇಲ್ಲದೆ ನಾನು ಈಗ ಗಾಡಿಯಲ್ಲಿ ಮಲಗುವುದಿಲ್ಲ.

ಅಡುಗೆ ಅನಿಲ ಸೋರಿದರೆ ಅದರ ನಡತೆ ಬೇರೆ. ಅದು ಗಾಳಿಗಿಂತ ಭಾರ, ಮೇಲೇರದೆ ನೀರಿನ ಹಾಗೆ ನೆಲಕ್ಕಿಳಿದು ಮೂಲೆಯಲ್ಲಿ ನಿಲ್ಲುತ್ತದೆ. ಅದಕ್ಕೇ ಸಿಲಿಂಡರ್ ಇಡುವ ಗೂಡಿನ ತಳದಲ್ಲಿ ಹೊರಕ್ಕೆ ತೆರೆದ ತೂತು ಇರಲೇಬೇಕು. ಮೇಲಿನ ಕಿಂಡಿ ಉಸಿರಿನ ತೇವಕ್ಕೆ, ಕೆಳಗಿನ ತೂತು ಗ್ಯಾಸಿಗೆ. ಚಳಿ ಎಂದು ಈ ತೂತಿಗೆ ಗೋಣಿ ತುರುಕಿದ್ದನ್ನು ಕಣ್ಣಾರೆ ಕಂಡಿದ್ದೇನೆ.

ಬೆಚ್ಚಗಿರಲು ಮತ್ತೇನು ದಾರಿ? ರೂಮ್ ಹೀಟರ್ ಎಂದಿರಾ? ಲೆಕ್ಕವನ್ನು ಕರೆಂಟ್ ಬಿಲ್ಲಿನ ಯೂನಿಟ್‌ನಲ್ಲೇ ಹಾಕೋಣ. ಮನೆಯ ಇನ್ವರ್ಟರಿಗೆ ಇಡುವಂಥ 150 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ತುಂಬಿದಾಗ ಇರುವುದು 1.8 ಯೂನಿಟ್. ಆ ಜಾತಿಯ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಆಯಸ್ಸು ಕುಗ್ಗುತ್ತದೆ, ಹಾಗಾಗಿ ಕೈಗೆ ಸಿಗುವುದು 0.9 ಯೂನಿಟ್. 2000 ವ್ಯಾಟಿನ ಹೀಟರ್ ಅದನ್ನು ಅರ್ಧ ಗಂಟೆಯೊಳಗೆ ನುಂಗಿ ಹಾಕುತ್ತದೆ. ಅದೇ 0.9 ಯೂನಿಟ್‌ನಲ್ಲಿ ಸಣ್ಣ ಕಂಪ್ರೆಸರ್ ಫ್ರಿಜ್, ಎಲ್‌ಇಡಿ ದೀಪ, ಚಾವಣಿಯ ಫ್ಯಾನು, ಎರಡು ಮೊಬೈಲು ಇಡೀ ದಿನ ನಡೆಯುತ್ತವೆ. ನಮ್ಮ ಚಳಿಗೆ ರಬ್ಬರಿನ ಬಿಸಿನೀರ ಚೀಲವನ್ನು ಮಲಗುವ ಮುಂಚೆ ಹೊದಿಕೆಯೊಳಗೆ ಇಟ್ಟರೆ ಧಾರಾಳ ಸಾಕು. ಡೀಸೆಲ್ ಏರ್ ಹೀಟರ್ ಒಳ್ಳೆಯ ಯಂತ್ರವೇ, ಉರಿಯುವ ಗಾಳಿಯನ್ನು ಹೊರಗಿನಿಂದ ಎಳೆದು ಹೊಗೆಯನ್ನೂ ಹೊರಗೇ ಬಿಡುತ್ತದೆ, ಒಳಗೆ ಬರುವುದು ಒಣ ಬಿಸಿಗಾಳಿ ಮಾತ್ರ. ಆದರೆ ಮನಾಲಿಗೆ ಹೋಗುವವರು ಹಾಕಿಸಲಿ. ಮೂಡಿಗೆರೆಗೆ ಅದು ಸೊಳ್ಳೆ ಹೊಡೆಯಲು ಕೋವಿ ತಂದಂತೆ.

ಸೋಲಾರ್ ನಂಬಿದವರಿಗೆ ಮಲೆನಾಡು ಸ್ವಲ್ಪ ಕೈಕೊಡುತ್ತದೆ. ಡಿಸೆಂಬರಿನಲ್ಲಿ ಇಲ್ಲಿ ಹಗಲು ಹನ್ನೊಂದೂವರೆ ಗಂಟೆಯಷ್ಟೇ. ನಡುಮಧ್ಯಾಹ್ನವೂ ಸೂರ್ಯ ನೆತ್ತಿಗೆ ಬರದೆ ದಕ್ಷಿಣಕ್ಕೆ ವಾಲಿ 53 ಡಿಗ್ರಿ ಎತ್ತರದಲ್ಲೇ ನಿಲ್ಲುತ್ತಾನೆ. ಬಯಲಿನಲ್ಲಿ ಇದರಿಂದ ಭಾರೀ ನಷ್ಟವೇನಿಲ್ಲ. ತೋಟದಲ್ಲಿ ಸಿಲ್ವರ್ ಓಕಿನ ಉದ್ದುದ್ದ ನೆರಳು ಪ್ಯಾನೆಲ್ಲಿನ ಒಂದು ಮೂಲೆಯ ಮೇಲೆ ಬಿದ್ದರೂ ಸಾಕು, ಒಳಗಿನ ಬಿಲ್ಲೆಗಳನ್ನು ಸರಪಳಿಯಂತೆ ಜೋಡಿಸಿದ್ದರಿಂದ ಪ್ಯಾನೆಲ್ಲಿನ ದೊಡ್ಡ ಪಾಲೇ ಮಂಕಾಗುತ್ತದೆ.

ಹಾಗಿದ್ದರೆ ಬಯಲಲ್ಲೇ ನಿಲ್ಲಿಸೋಣವೇ? ಗಾಡಿ ಎಲ್ಲಿ ನಿಲ್ಲಿಸಬೇಕೆಂಬುದೇ ನನಗೆ ಈ ಪ್ರವಾಸದ ಅತಿ ರುಚಿಯಾದ ಭಾಗ. ಎತ್ತರಕ್ಕೆ ಹೋದಷ್ಟೂ ಚಳಿ ಎಂಬುದು ಹಗಲಿನ ಲೆಕ್ಕ: ಸಾವಿರ ಮೀಟರಿಗೆ ಆರೂವರೆ ಡಿಗ್ರಿಯಂತೆ, ಚಿಕ್ಕಮಗಳೂರು ಪೇಟೆಗಿಂತ 1930 ಮೀಟರಿನ ಮುಳ್ಳಯ್ಯನಗಿರಿಯ ತುದಿ ಐದಾರು ಡಿಗ್ರಿ ತಣ್ಣಗಿರಬೇಕು. ಗುಡ್ಡದ ಇಳಿಜಾರಿಗೂ ಅದರ ಬುಡದ ತಗ್ಗಿಗೂ ರಾತ್ರಿಯ ಲೆಕ್ಕ ಬಹಳ ಸಲ ತಿರುವುಮುರುವು. ಗಾಳಿಯಾಡದ ತಿಳಿಯಾದ ರಾತ್ರಿ ತಣಿದ ಗಾಳಿ ಭಾರವಾಗಿ ಗುಡ್ಡದ ಇಳಿಜಾರಿನಲ್ಲಿ ಜಾರಿ ತಗ್ಗಿಗೆ ಇಳಿಯುತ್ತದೆ. ಮಲೆನಾಡಿನಲ್ಲಿ ತಗ್ಗು ಅಂದರೆ ಗದ್ದೆ. ಬೆಳಗಿನ ಜಾವ ಗುಡ್ಡದ ಮೇಲಿನ ಮನೆಯಿಂದ ನೋಡಿದರೆ ಗದ್ದೆ ಬಯಲಿನ ತುಂಬಾ ಹಾಲು ಚೆಲ್ಲಿದಂತೆ ಮಂಜು ನಿಂತಿರುತ್ತದಲ್ಲ, ಆ ಹಾಲಿನ ಮಟ್ಟವೇ ತಣ್ಣನೆ ಗಾಳಿಯ ಮಟ್ಟ. ಗದ್ದೆ ಅಂಚು ಸಮತಟ್ಟಾಗಿದೆ, ನೋಟವೂ ಚಂದ ಎಂದು ಅಲ್ಲೇ ನಿಲ್ಲಿಸಿದರೆ ಆ ಕೆರೆಯೊಳಗೆ ಮುಳುಗಿ ಮಲಗಿದಂತೆ. ನಮ್ಮ ಹಿರಿಯರ ಮನೆಗಳು ಗದ್ದೆಗಿಂತ ಮೇಲೆ, ಗುಡ್ಡದ ನೆತ್ತಿಗಿಂತ ಕೆಳಗೆ ಇರುವುದನ್ನು ಗಮನಿಸಿ. ಗಾಡಿಗೂ ಅದೇ ಜಾಗ. ಪೂರ್ವಕ್ಕೆ ಬಾಗಿಲು ಮಾಡಿ ನಿಲ್ಲಿಸಿದರೆ ಏಳೂವರೆಯ ಬಿಸಿಲು ಹಾಸಿಗೆಯ ತನಕ ಬರುತ್ತದೆ. ತುಸು ದೂರದಲ್ಲಿ ಮರವಿದ್ದರೆ ಲೇಸು. ನೇರ ಮರದಡಿ ಬೇಡ. ಕೊಂಬೆಯ ಮರೆ ಇದ್ದರೆ ಚಾವಣಿ ಅಷ್ಟು ತಣಿಯುವುದಿಲ್ಲ ಎಂಬುದೇನೋ ನಿಜ, ಆದರೆ ಮಂಜು ಎಲೆಯ ಮೇಲೆ ಕಟ್ಟಿ ರಾತ್ರಿಯೆಲ್ಲ ಟಪ್ ಟಪ್ ಎಂದು ತಗಡಿನ ಮೇಲೆ ಬೀಳುತ್ತಿದ್ದರೆ ನಿದ್ದೆ ಎಲ್ಲಿಯದು.

ಯಾರ ಜಾಗ ಎಂಬುದು ಮುಂದಿನ ಪ್ರಶ್ನೆ. ಮೀಸಲು ಅರಣ್ಯದಲ್ಲಿ ಅನುಮತಿಯಿಲ್ಲದೆ ತಂಗುವಂತಿಲ್ಲ. ಮುತ್ತೋಡಿಯ ಕಡೆ ಭದ್ರಾ ಹುಲಿ ಸಂರಕ್ಷಿತ ಪ್ರದೇಶ, ಅಲ್ಲಿ ರಸ್ತೆ ಬದಿಯ ಯೋಚನೆಯೂ ಬೇಡ. ಹೆಚ್ಚಿನವರಿಗೆ ಒದಗುವುದು ಪರಿಚಯದವರ ತೋಟ ಅಥವಾ ಹೋಮ್‌ಸ್ಟೇ ಅಂಗಳ. ನವೆಂಬರಿನಿಂದ ಜನವರಿವರೆಗೆ ಅರೇಬಿಕಾ ಕೊಯ್ಲು, ಅದರ ಬೆನ್ನಿಗೇ ರೊಬಸ್ಟಾ. ತೋಟದವರಿಗೆ ವರ್ಷದಲ್ಲೇ ಕೈ ಬಿಡುವಿಲ್ಲದ ಕಾಲ. ಟ್ರ್ಯಾಕ್ಟರ್ ಓಡಾಡುವ ದಾರಿ ಬಿಟ್ಟು ನಿಲ್ಲಿಸಿ. ಕಣ ಸಮತಟ್ಟಾಗಿದೆ, ಸಿಮೆಂಟ್ ಹಾಕಿದೆ ಎಂದು ಮೇಲೆ ಗಾಡಿ ಹತ್ತಿಸಿದಿರೋ, ಮುಂದಿನ ವರ್ಷ ಕರೆಯುವುದಿಲ್ಲ. ತಿನ್ನುವ ವಸ್ತು ಒಣಗುವ ಜಾಗ ಅದು. ಒಳಗೆ ಬರುವಾಗ ಎತ್ತರವನ್ನೂ ನೆನಪಿಡಿ. ನನ್ನ ಗಾಡಿ ಒಂಬತ್ತಡಿ ಎಂದು ಸ್ಟೇರಿಂಗ್ ಪಕ್ಕ ಚೀಟಿ ಅಂಟಿಸಿದ್ದೇನೆ. ತೋಟದ ಗೇಟಿನ ಕಮಾನು, ಜೋತುಬಿದ್ದ ವಿದ್ಯುತ್ ತಂತಿ, ಮೆಣಸಿನ ಬಳ್ಳಿ ಹಬ್ಬಿದ ಕೊಂಬೆ, ಇವು ಜೀಪಿನ ಎತ್ತರ ನೋಡಿ ಬಿಟ್ಟಂಥವು.

ಸಕಲೇಶಪುರ, ಆಲೂರು, ಬೇಲೂರು, ಮೂಡಿಗೆರೆ ಸುತ್ತ ಆನೆಗಳಿವೆ. ಭತ್ತ ಹಣ್ಣಾಗುವ ಕಾಲಕ್ಕೆ ಗದ್ದೆಗೆ ಇಳಿಯುತ್ತವೆ, ರಾತ್ರಿ ನೀರಿಗೆ ಕೆರೆಯ ಕಡೆ ಬರುತ್ತವೆ. ಊರಿನವರ ವಾಟ್ಸ್ಆ್ಯಪ್ ಗುಂಪುಗಳಲ್ಲಿ, ಅರಣ್ಯ ಇಲಾಖೆಯ ಆನೆ ಕಾರ್ಯಪಡೆಯವರಿಂದ ಎಲ್ಲಿ ಹಿಂಡಿದೆ ಎಂಬ ಸುದ್ದಿ ಹರಿದಾಡುತ್ತಿರುತ್ತದೆ. ಸಂಜೆ ತೋಟದ ಲೆಕ್ಕ ಬರೆಯುವ ರೈಟರನ್ನು ಕೇಳಿದರೆ ಹೇಳುತ್ತಾರೆ. ಬಂಗಲೆಗೋ ಆಳುಗಳ ಲೈನ್ ಮನೆಗಳಿಗೋ ಹತ್ತಿರ ನಿಲ್ಲಿಸಿ, ಕೆರೆ ದಂಡೆ ಬೇಡ. ಬಾಳೆಗೊನೆ, ಬೆಲ್ಲ, ಅಕ್ಕಿ ಮೂಟೆಯನ್ನು ಗಾಡಿಯಲ್ಲಿ ಇಟ್ಟುಕೊಳ್ಳದಿದ್ದರೆ ಒಳ್ಳೆಯದು. ಕತ್ತಲಾದ ಮೇಲೆ ಗಾಡಿಯಿಂದ ಇಳಿದು ಅಡ್ಡಾಡುವುದನ್ನೂ ಬಿಡಬೇಕು. ಗಾಡಿಯಲ್ಲೇ ಶೌಚದ ಡಬ್ಬಿ ಇರಬೇಕಾದದ್ದು ಮುಖ್ಯವಾಗಿ ಇದಕ್ಕೇ.

ಆ ಡಬ್ಬಿಯನ್ನು ಎಲ್ಲಿ ಸುರಿಯುತ್ತೀರಿ? ಯುರೋಪಿನಲ್ಲಿ ಇದಕ್ಕೆಂದೇ ಜಾಗಗಳಿವೆ, ನಮ್ಮ ತೋಟಗಳಲ್ಲಿಲ್ಲ. ಅದಕ್ಕೆ ಹಾಕುವ ನೀಲಿ ದ್ರಾವಣಗಳಲ್ಲಿ ಕೆಲವು ಸೂಕ್ಷ್ಮಾಣುಗಳನ್ನು ಕೊಲ್ಲುವಂಥವು. ಅದನ್ನು ಮನೆಯ ಸೆಪ್ಟಿಕ್ ಟ್ಯಾಂಕಿಗೆ ಸುರಿದರೆ ಅಲ್ಲಿ ಕೊಳೆಸುವ ಕೆಲಸ ಮಾಡುವ ಜೀವಿಗಳೂ ಸಾಯುತ್ತವೆ. ದ್ರಾವಣ ಹಾಕದೆ ಒಂದೆರಡು ದಿನಕ್ಕೊಮ್ಮೆ, ಮನೆಯವರನ್ನು ಕೇಳಿಯೇ, ಅವರ ಶೌಚಾಲಯಕ್ಕೆ ಖಾಲಿ ಮಾಡುವುದು ನನ್ನ ಪದ್ಧತಿ. ಪಾತ್ರೆ ತೊಳೆದ ನೀರನ್ನೂ ಹಳ್ಳಕ್ಕೆ ಬಿಡಬೇಡಿ. ಇಲ್ಲಿನ ಸಣ್ಣ ಹಳ್ಳಗಳೇ ಮುಂದೆ ಹೋಗಿ ಭದ್ರೆ, ಯಗಚಿ, ಹೇಮಾವತಿಯಾಗುತ್ತವೆ, ದಾರಿಯಲ್ಲಿ ಯಾರದೋ ಕುಡಿಯುವ ನೀರಾಗುತ್ತವೆ. ಇಬ್ಬರಿಗೆ ದಿನಕ್ಕೆ 25 ಲೀಟರ್ ನೀರಿನಲ್ಲಿ ನಡೆಸಬಹುದು, ಸ್ನಾನವನ್ನು ತೋಟದ ಹಂಡೆಯ ಬಿಸಿನೀರಿಗೆ ಬಿಟ್ಟರೆ.

ರಸ್ತೆಯ ವಿಷಯ ಎರಡೇ ಮಾತು. ಮುಳ್ಳಯ್ಯನಗಿರಿಯ ಇಕ್ಕಟ್ಟು ತಿರುವುಗಳಿಗೆ ದೊಡ್ಡ ಗಾಡಿ ಹತ್ತಿಸುವ ಹಟ ಬೇಡ; ಪೇಟೆಯಲ್ಲಿ ನಿಲ್ಲಿಸಿ ಜೀಪಿನಲ್ಲಿ ಹೋಗಿ ಬನ್ನಿ. ಡಿಸೆಂಬರಿನ ದತ್ತ ಜಯಂತಿಯ ದಿನಗಳಲ್ಲಿ ಗಿರಿಯ ಕಡೆ ಪ್ರವಾಸಿಗರಿಗೆ ನಿರ್ಬಂಧ ಇರುತ್ತದೆ, ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗೆ ಜಾತ್ರೆ. ಚಾರ್ಮಾಡಿ ಘಾಟಿಯನ್ನು ಹಗಲಲ್ಲೇ ಮುಗಿಸಿ. ಮಂಜಿನಲ್ಲಿ ಹೈ ಬೀಮ್ ಹಾಕಿದರೆ ಬೆಳಕು ಹನಿಗಳಿಗೆ ತಾಗಿ ನಮ್ಮ ಕಣ್ಣಿಗೇ ತಿರುಗುತ್ತದೆ, ಲೋ ಬೀಮ್ ಇರಲಿ. ಇಳಿಯುವಾಗ ಎರಡನೇ ಗೇರು. ನೀರು, ಬ್ಯಾಟರಿ, ಹಾಸಿಗೆ ಹೊತ್ತ ಗಾಡಿಯನ್ನು ಬ್ರೇಕಿನಲ್ಲೇ ಹಿಡಿದರೆ ಕಾದು ಕೈಕೊಡುತ್ತದೆ. ಮೊದಲ ಸಲದವರು ಹಾಸನದಿಂದ ಬೇಲೂರಿಗೆ 40 ಕಿ.ಮೀ., ಅಲ್ಲಿಂದ ಹಳೇಬೀಡಿಗೆ 16 ಕಿ.ಮೀ. ಹೋಗಿ ಕೈ ಪಳಗಿಸಿಕೊಂಡರೆ ಒಳ್ಳೆಯದು. ರಸ್ತೆ ಸಲೀಸು, 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದ ಎರಡು ದೇವಾಲಯಗಳೂ ಸಿಕ್ಕವು.

ಕಾಗದ ಪತ್ರದಲ್ಲಿ: 7500 ಕೆ.ಜಿ. ಒಳಗಿನ ಗಾಡಿಗೆ ಕಾರಿನ ಲೈಸೆನ್ಸ್ ಸಾಕು. ಬಿಳಿ ಬೋರ್ಡ್ ಗಾಡಿಯನ್ನು ಬಾಡಿಗೆಗೆ ಕೊಡುವಂತಿಲ್ಲ, ಪಡೆದರೆ ಅಪಘಾತವಾದಾಗ ವಿಮೆಯವರು ಕೈ ಎತ್ತಬಹುದು. ಇರುವ ವ್ಯಾನಿನ ಸೀಟು ಕಿತ್ತು ಮಂಚ ಹಾಕಿಸುವವರು ಮೊದಲು ಆರ್‌ಟಿಒ ಕಚೇರಿಗೆ ಹೋಗಿ ಬರಬೇಕು.

ಆ ಬೆವರಿದ ರಾತ್ರಿಯ ಮರುದಿನವೂ ಅದೇ ತೋಟದಲ್ಲೇ ಉಳಿದೆವು. ಅಡುಗೆಯನ್ನು ಗಾಡಿಯ ಹೊರಗೆ, ಬಾಗಿಲ ಪಕ್ಕ ಮಾಡಿದೆವು. ಹಿದಕಿದ ಅವರೆ ಸಾರು, ಅಕ್ಕಿ ರೊಟ್ಟಿ. ಮೇಲೊಂದು ಕೆಳಗೊಂದು ಕಿಂಡಿ ಬಿಟ್ಟು, ತಲೆಗೆ ಮಂಕಿ ಕ್ಯಾಪ್ ಹಾಕಿ ಮಲಗಿದೆವು. ಬೆಳಿಗ್ಗೆ ಮುಂದಿನ ಗಾಜಿನ ಅಂಚಿನಲ್ಲಿ ಒಂದು ಗೇಣು ಮಂಜು ಕಟ್ಟಿದ್ದು ಬಿಟ್ಟರೆ ಗಾಡಿ ಒಣಗಿತ್ತು. ಕಂಬಳಿ ಕೊಡವುತ್ತಾ ಕಣದ ಕಡೆ ನೋಡಿದೆ. ಇಬ್ಬನಿ ಆರುವ ತನಕ ಕಾದಿದ್ದ ಆಳುಗಳು ಟಾರ್ಪಲ್ ಸುತ್ತುತ್ತಿದ್ದರು, ಅದರ ಮೇಲಿನ ನೀರು ಕಾಫಿಗೆ ಬೀಳದಂತೆ ಒಂದೇ ಕಡೆಗೆ ಮಡಚಿ. ಮೇಸ್ತ್ರಿ ಅಲ್ಲಿಂದಲೇ ಕೂಗಿದರು: "ಇವತ್ತು ಒಣಗಿದ್ಯಾ ಸಾರ್?"

"ಇನ್ನೊಂದು ಬಿಸಿಲು ಬೇಕು ಮೇಸ್ತ್ರಿ" ಅಂದೆ. ಹಾಸಿಗೆಯ ಅಡಿ ಇನ್ನೂ ತಣ್ಣಗಿತ್ತು.